ಬಳೆ ಚೂರಿನ ಮುನಿಗಂಗಪ್ಪ

ಜಕ್ಕೂರಿನ ಮುನಿಗಂಗಪ್ಪ ಕಲಿತದ್ದು ಒಂದೇ ವಿದ್ಯೆ. ಗಾಜಿನ ಬಳೆ ಚೂರನ್ನು ಕೆಂಡದಲ್ಲಿ ಕಾಯಿಸಿ ಮಕ್ಕಳ ಹೊಟ್ಟೆಗೆ ಬರೆ ಹಾಕುವುದು. ಕಾಮಾಲೆಗೂ ಅದೇ, ಜಂತುಹುಳಕ್ಕೂ ಅದೇ, ಬರೀ ಅಳುವುದಕ್ಕೂ ಅದೇ. ಹೊಲವನ್ನು ತಮ್ಮ ಉಳುತ್ತಿದ್ದ. ಇವನು ಜಗಲಿ ಮೇಲೆ ಕೂತು ಮೀಸೆ ನೀವುತ್ತಿದ್ದ. ಊರು ಇವನನ್ನೇ ದೊಡ್ಡ ಮನುಷ್ಯ ಅಂದಿತು.

ಐವತ್ತೆಂಟನೇ ಇಸವಿಯ ಬೇಸಿಗೆ. ನನ್ನ ತಂಗಿ ಸೊಣ್ಣಮ್ಮನ ಮಗಳು ರತ್ನಿಗೆ ಆರು ವರ್ಷ. ಹೊರಕಡೆ ಹೋದಾಗಲೆಲ್ಲ ರಕ್ತ ಬೀಳತೊಡಗಿತು. ನೋವಿಲ್ಲ, ಜ್ವರವಿಲ್ಲ, ಭೇದಿಯಿಲ್ಲ. ನಾಲ್ಕು ದಿನಕ್ಕೆ ತುಟಿ ಬಿಳುಚಿಕೊಂಡಿತು. ಐದನೇ ದಿನ ಮಗು ಕೂತಲ್ಲಿಂದ ಏಳಲಿಲ್ಲ.

ಮುನಿಗಂಗಪ್ಪ ಬಂದ. ನಾಲಿಗೆ ಕೂಡ ನೋಡಲಿಲ್ಲ.

"ಉಷ್ಣ ಕಣಮ್ಮಿ. ಕಾಲು ಇಡ್ಕಳ್ರೋ."

ಹಿಡಿದುಕೊಂಡವನು ನಾನೇ. ಹೊಕ್ಕುಳ ಸುತ್ತ ಮೂರು ಬರೆ ಹಾಕಿದ. ರಕ್ತ ನಿಲ್ಲಲಿಲ್ಲ.

"ಇನ್ನ ಮೂರು ಆಕ್ಬೇಕು. ನಾಳೆ ಬತ್ತೀನಿ," ಅಂದು, ನಮ್ಮ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಹೋದ.

ಸೊಣ್ಣಮ್ಮ ಯಾರನ್ನೂ ಕೇಳದೆ ಸೂಲಗಿತ್ತಿ ಶಹರ್ಬಾನುವನ್ನು ಕರೆತಂದಳು. ಅವಳು ಕೇಳಿದ್ದೇ ಬೇರೆ.

"ಮಗ ಎಲ್ಲಿ ತೊಳ್ಕೊಳ್ಳುತ್ತೆ?"

"ಕೆರೇಲಿ ಕಣಕ್ಕ. ಎಮ್ಮೆ ಇಳಿಯೋ ತಾವ."

"ನೀರೆಷ್ಟೈತೆ ಅಲ್ಲಿ?"

"ಮೊಣಕಾಲುದ್ದ. ಬರೀ ಕೆಸರು."

"ಅಂಗಾದ್ರೆ ಜಿಗಣೆ ಒಳೀಕೆ ಓಗೈತೆ ಕಣವ್ವ. ಉಪ್ಪು ತತ್ತಾ."

ಬೆಚ್ಚಗಿನ ಉಪ್ಪುನೀರಿನಲ್ಲಿ ಎನಿಮಾ ಕೊಟ್ಟಳು. ಎರಡನೇ ಸಲಕ್ಕೆ ಕಿರುಬೆರಳಿನಷ್ಟು ದಪ್ಪದ ಜಿಗಣೆ ಹೊರಬಿತ್ತು. ಮಾರನೇ ಬೆಳಗಿನ ಹೊತ್ತಿಗೆ ರಕ್ತ ನಿಂತಿತ್ತು. ಸೊಪ್ಪು, ಹುರುಳಿಕಟ್ಟು ಉಂಡು ರತ್ನಿ ತಿಂಗಳಿಗೆ ಓಡಾಡಿದಳು.

ಮುನಿಗಂಗಪ್ಪನಿಗೆ ನಾಚಿಕೆ ಆಯಿತೇ? ಎಲ್ಲಿಂದ ಬರಬೇಕು?

"ನೋಡುದ್ರಾ? ನನ್ನ ಬರೆ ಬಿಸಿ ತಡೀನಾರ್ದೆ ಇಳ್ದೈತೆ ಅದು!"

ಊರು ನಂಬಿತು. ಆ ವಾರ ಅವನ ಜಗಲಿ ಮುಂದೆ ಕೂಸುಗಳ ಸಾಲು. ನನ್ನ ಹೆಂಡತಿಯೂ ನಮ್ಮ ಕೂಸನ್ನು ಎತ್ತಿಕೊಂಡು ಆ ಸಾಲಿನಲ್ಲಿ ನಿಂತಿದ್ದಳು.

ಆರು ವರ್ಷ ಕಳೆದ ಮೇಲೆ ಅವನ ಮೊಮ್ಮಗನಿಗೂ ಹಾಗೆಯೇ ರಕ್ತ ಬಿತ್ತು. ಅವತ್ತು ಮುನಿಗಂಗಪ್ಪ ಕೆಂಡ ಮಾಡಲಿಲ್ಲ. ಮಗುವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಯಾರೂ ಕಾಣದ ಹಾಗೆ, ಶಹರ್ಬಾನುವಿನ ಹಿತ್ತಲಿಗೆ ಬಂದ. ನಾನು ಅಲ್ಲೇ ಸೌದೆ ಇಳಿಸುತ್ತಿದ್ದೆ.

ಶಹರ್ಬಾನು ಉಪ್ಪು ತರಲು ಎದ್ದಳು. ಬಾಗಿಲಲ್ಲಿ ನಿಂತು ಕೇಳಿದಳು:

"ಯಾಕಣ್ಣ, ನಿಮ್ಮನೇಲಿ ಬಳೆ ಇಲ್ವಾ?"

ಮುನಿಗಂಗಪ್ಪ ನೆಲ ನೋಡಿದ.

"ಎಳೇ ಮಗ ಕಣವ್ವ. ಉರಿಯುತ್ತೆ."