ಒತ್ತಡದ ತರಬೇತಿ ಮತ್ತು ಸೆಲ್ವಿಯ ದುಪಟ್ಟಾ

ಸ್ನೇಹಿತರೇ, ಇವತ್ತು ಬೆಳಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿದಾಗ ಎಂದಿನಂತೆ ನನ್ನ ಸೀಟು ಕಾದಿತ್ತು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಿಂದ ಬರುವ ಸೆಲ್ವಿ ದಿನಾ ಅದರ ಮೇಲೆ ತನ್ನ ದುಪಟ್ಟಾ ಹಾಸಿ, ಕೇಳಿದವರೆಲ್ಲರ ಜೊತೆ ಜಗಳವಾಡಿ ಉಳಿಸಿರುತ್ತಾಳೆ. ಬೆಂಗಳೂರಿನಲ್ಲಿ ಅವರೆಕಾಳು ಮಾರುವ ವೆಂಕಟಮ್ಮಕ್ಕ ಎದುರಿಗೆ ಅವರೆಕಾಯಿಯ ಚೀಲ ಬಿಚ್ಚಿದ್ದರು. ಮಾತಾಡುತ್ತಾ ಎಲ್ಲರೂ ಸುಲಿದುಕೊಡುವುದು ನಮ್ಮ ಬೋಗಿಯ ರೂಢಿ.

ಇವತ್ತು ಮಾತ್ರ ನನಗೆ ಆಫೀಸಿನ ಆನ್‌ಲೈನ್ ತರಬೇತಿ ಇತ್ತು. ವಿಷಯ, "ಒತ್ತಡ ಕಳೆಯಲು ಒಳ್ಳೆಯ ಸಂಬಂಧಗಳು". ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ.

"ಐಯೋ ಮಂಜುಳಾ, ನಿನ್ನೆ ನಮ್ಮತ್ತೆ ಏನ್ ಮಾಡಿದ್ರು ಗೊತ್ತಾ?" ಎಂದಳು ಸೆಲ್ವಿ.

"ಶ್! ಸುಮ್ಕಿರೇ," ಎಂದೆ.

ವೆಂಕಟಮ್ಮಕ್ಕ ನನ್ನ ಮಡಿಲಿಗೆ ಹಾಕಿದ ಕಾಯಿಗಳನ್ನು ಹಾಗೇ ವಾಪಸ್ ಚೀಲಕ್ಕೆ ಸುರಿದೆ.

"ಅಂಥಾದ್ದೇನಮ್ಮೀ ಯೋಳ್ತಾವ್ರೆ ಅದ್ರಾಗೆ?" ಎಂದರು ಅವರು.

"ಮನಸ್ಸಲ್ಲಿರೋದ್ನ ನಮ್ಮೋರ ಅತ್ರ ಯೋಳ್ಕೋಬೇಕಂತೆ ಅಕ್ಕಾ. ಈಗ ವಸಿ ಮಾತಾಡ್ಬೇಡಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ದಾರಿಯುದ್ದಕ್ಕೂ ತಲೆ ತಗ್ಗಿಸಿ ಅವರೆಕಾಯಿ ಸುಲಿದರು.

ತರಬೇತಿಯ ಕೊನೆಯ ಪ್ರಶ್ನೆ: "ಕಷ್ಟದಲ್ಲಿ ನಿಮ್ಮ ಜೊತೆ ನಿಲ್ಲುವವರು ಯಾರು?" ಯೋಚಿಸದೆ 'ಸೆಲ್ವಿ' ಎಂದು ಬರೆದೆ. ಪೂರ್ತಿ ಅಂಕ ಬಂತು. ಅವಳಿಗೆ ತೋರಿಸೋಣವೆಂದು ತಲೆಯೆತ್ತಿದರೆ, ಅವಳು ವೈಟ್‌ಫೀಲ್ಡ್‌ನಲ್ಲಿ ಇಳಿದುಹೋಗಿದ್ದಳು. ನನಗೆ ಹೇಳದೆ ಇಳಿದದ್ದು ಇದೇ ಮೊದಲು.

ಸರ್ಟಿಫಿಕೇಟ್ ಬಂದಿದೆ, ತುಂಬಾ ಚೆನ್ನಾಗಿದೆ. ನಾಳೆ ಆ ದುಪಟ್ಟಾ ಸೀಟಿನ ಮೇಲಿರುತ್ತದೋ ಸೆಲ್ವಿಯ ಹೆಗಲ ಮೇಲಿರುತ್ತದೋ ಎಂಬ ಒತ್ತಡಕ್ಕೆ ಏನು ಮಾಡಬೇಕೆಂದು ಮಾತ್ರ ತರಬೇತಿಯಲ್ಲಿ ಹೇಳಿಕೊಟ್ಟಿಲ್ಲ.