ಹೊಸ ಬಟ್ಟೆಯ ಮೇಲೆ ಟೀ ಲೋಟ

ಪೂಲ್ ಟೇಬಲ್‌ಗಳಿಗೆ ಬಟ್ಟೆ ಹಾಕೋದು ನನ್ನ ಕೆಲಸ. ಚಳ್ಳಕೆರೆಯ ಒಂದು ಕ್ಲಬ್ಬಿನಲ್ಲಿ ಬೆಳಗ್ಗೆಯಿಂದ ಬೆನ್ನು ಮುರಿದುಕೊಂಡು ಹೊಸ ಹಸಿರು ಬಟ್ಟೆ ಬಿಗಿದಿದ್ದೆ. ಮೊದಲ ಆಟಕ್ಕೆ ಬಂದ ಮೊಳಕಾಲ್ಮೂರಿನ ಹಿರಿಯರೊಬ್ಬರು ತುಂಬಿದ ಟೀ ಲೋಟವನ್ನು ಸೀದಾ ಅದರ ಮೇಲೇ ಇಟ್ಟು ಕೋಲು ಹಿಡಿದರು. ನಾನು ಮಾಲೀಕನ ಮುಖ ನೋಡಿದೆ. ಅವನು ಗೋಡೆ ನೋಡಿದ.

"ಲೋಟ ಕೆಳಗಿಡ್ರಿ ಯಜಮಾನ್ರೇ," ಅಂದೆ.

"ಕೆಳಗೆ ಅಂದ್ರೆ ನೆಲದ ಮ್ಯಾಲಾ? ಎಲ್ರೂ ಚಪ್ಪಲಿ ಹಾಕ್ಕಂಡು ಓಡಾಡೋ ಜಾಗದಾಗೆ? ಕುಡಿಯೋದಕ್ಕೆ ಒಂದು ಮರ್ಯಾದಿ ಬ್ಯಾಡ್ವೇನಪ್ಪಾ?"

"ಈ ಬಟ್ಟೆಗೂ ಮರ್ಯಾದಿ ಐತ್ರಿ!" ನನ್ನ ದನಿ ಏರಿತು. ಪಕ್ಕದ ಟೇಬಲ್‌ಗಳಲ್ಲಿ ಆಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಹಿರಿಯರು ಟೀ ಕುಡಿದು ಮುಗಿಸಿ, ಖಾಲಿ ಲೋಟವನ್ನು ಜೇಬಿಗೆ ಹಾಕಿಕೊಂಡರು.

ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಮಾಲೀಕ ನನ್ನ ಸಿಟ್ಟು ಇಳಿಸಲು ಬಿಸಿಬಿಸಿ ಟೀ ತಂದು ಕೈಗಿಟ್ಟ. ಬೆರಳು ಸುಡುತ್ತಿತ್ತು. ಸುತ್ತ ನೋಡಿದರೆ ಆ ಕ್ಲಬ್ಬಿನಲ್ಲಿ ಒಂದು ಸ್ಟೂಲೂ ಇಲ್ಲ.

"ನೆಲ ಐತಲ್ಲಪ್ಪಾ, ಇಡು," ಅಂದರು ಹಿರಿಯರು, ಕೋಲಿನ ತುದಿಗೆ ಚಾಕ್ ತಿಕ್ಕುತ್ತಾ.

ಇಡಲು ಬಗ್ಗಿದೆ, ಉಣ್ಣೋದು ಕುಡಿಯೋದು ತುಳಿಯೋ ಜಾಗದಲ್ಲಿ ಇಡಬಾರದು ಅನ್ನುತ್ತಿದ್ದ ಅವ್ವ ನೆನಪಾದಳು, ಇಡಲಿಲ್ಲ. ಸುಡುಸುಡು ಟೀಯನ್ನು ನಿಂತಲ್ಲೇ ಗಟಗಟ ಕುಡಿದುಬಿಟ್ಟೆ. ಎರಡು ದಿನ ನಾಲಿಗೆಗೆ ಸಾರಿನ ರುಚಿ ಗೊತ್ತಾಗಲಿಲ್ಲ. ಬಟ್ಟೆಗೆ ಮಾತ್ರ ಒಂದು ಕಲೆಯೂ ಬೀಳಲಿಲ್ಲ.