ಪಟದಲ್ಲಿನ ಆ ಬಿಳುಪು

ಸಹನಾ, ಕಿರಣ — ಪಡಸಾಲೆಯ ಹೊಳೆಯ ಪಟದಲ್ಲಿರುವ ಬಿಳುಪು ಮಂಜಲ್ಲ. ಅಲ್ಲೊಂದು ದಾರಿಯಿತ್ತು. ಅದನ್ನು ಅಳಿಸಿದವಳು ನಿಮ್ಮಜ್ಜಿ, ನಾನು.

ಮೊನ್ನೆ ಸಹನಾ, ನಿನ್ನ ಕಾಲೇಜಿನ ಮೇಷ್ಟ್ರಿಗೆ ನೀನು ಪಟ ತೋರಿಸಿ, "ಹಿಂದಿನ ಕಾಲದಾಗೆ ಯಾರೋ ಇಂಗ್ಲಿಷ್ ದೊರೆ ನಮ್ಮ ಹೊಳೆದಂಡೇಲಿ ಕೂತು ಬರ್ದಿದ್ದು ಸಾರ್. ಈ ಮಂಜು ನೋಡ್ರಿ, ಹೊಳೆ ಉಸಿರಾಡ್ದಂಗೆ ಐತೆ" ಎಂದೆ. ಅದನ್ನೇ ಬರೆದು ಅಚ್ಚಿಗೆ ಕೊಡು ಎಂದರು ಅವರು. ಒಳಗೆ ಚಹಾ ಸೋಸುತ್ತಿದ್ದ ನಾನು ಅದನ್ನು ಕೇಳಿಸಿಕೊಂಡೆ. ಆಗಿನಿಂದ ಪಡಸಾಲೆ ದಾಟಲೂ ಭಯ.

ನಾನು ಹೊನ್ನಾಳಿಯ ಈ ಮನೆಗೆ ಸೊಸೆಯಾಗಿ ಬಂದ ಹೊಸತು. ಪಟದ ಗಾಜು ಒಡೆದಿತ್ತು, ಹೊಸದು ಹಾಕಿಸಿರಲಿಲ್ಲ. ಶಿವರಾತ್ರಿಯ ಬೆಳಿಗ್ಗೆ ಎಲ್ಲ ಪಟಗಳಿಗೂ ವಿಭೂತಿ ಹಚ್ಚುತ್ತ ಬಂದವಳು ಮೈಮರೆತು ಇದರ ಮೇಲೂ ಒದ್ದೆ ಬೆರಳು ಎಳೆದೆ. ನೀರುಬಣ್ಣ — ಕರಗಿತು. ಸೆರಗಿನಿಂದ ಒರೆಸಿದೆ, ಇನ್ನಷ್ಟು ಹೋಯಿತು. ನಮ್ಮ ಹೊಲದ ನಡುವಿನಿಂದ ಹೊಳೆಗೆ ಇಳಿಯುತ್ತಿದ್ದ ಕೆಂಪು ಕಾಲುದಾರಿ, ಅದರಲ್ಲಿ ಕೊಡ ಹೊತ್ತ ಚಿಕ್ಕ ಹೆಂಗಸು — ಎರಡೂ ಇಲ್ಲ. ಮಾವನವರ ಸಿಟ್ಟಿಗೆ ಹೆದರಿ ಬಾಯಿ ಬಿಡಲಿಲ್ಲ. ಅವರು ಗಮನಿಸದೆಯೇ ಹೊಸ ಗಾಜು ಹಾಕಿಸಿದರು.

ಆ ವರ್ಷವೇ ಮಾವ ಆ ದಾರಿಗೂ ಅಡ್ಡವಾಗಿ ಹೊಲಕ್ಕೆ ಬೇಲಿ ಹಾಕಿದರು. ಪಕ್ಕದ ಹೊಲದ ಕಲ್ಲವ್ವ, ಗಂಡನನ್ನು ಹೊಳೆದಂಡೆಯಲ್ಲಿ ಮಣ್ಣು ಮಾಡಿದವಳು, ಹಿರಿಯರನ್ನು ಕರೆತಂದು ನಮ್ಮ ಪಡಸಾಲೆಯಲ್ಲೇ ನಿಂತಳು.

"ಗೌಡ್ರೆ, ಅದು ಹಳೇ ದಾರಿ. ನಿಮ್ಮ ಪಟದಾಗೇ ಐತೆ, ನಿಮ್ಮನೆ ಮದುವಿಗೆ ಬಂದಾಗ ಕಂಡೀನಿ."

ಎಲ್ಲರೂ ಬಗ್ಗಿ ನೋಡಿದರು. "ಬರೀ ಮಂಜು ಐತಲ್ಲವ್ವ. ಮಂಜಿನ ಮ್ಯಾಲೆ ನಡ್ಕಂಡು ಹೋಗ್ತೀಯೇನು?" ಎಂದರು ಒಬ್ಬರು. ನಕ್ಕರು.

ಅವಳು ನನ್ನ ಕಡೆ ತಿರುಗಿದಳು. "ದಿನಾ ಒರೆಸಾಕಿ ನೀನು. ನೀ ಹೇಳು ತಂಗಿ."

ಮಾವ ನನ್ನನ್ನೇ ನೋಡುತ್ತಿದ್ದರು.

"ನಾ ಕಂಡಿಲ್ಲಕ್ಕ" ಎಂದೆ.

ಅಷ್ಟೇ. ದಾರಿ ಮುಚ್ಚಿತು. ಗಂಡನ ಸಮಾಧಿಗೆ ಅವಳು ಹಳ್ಳ ಸುತ್ತಿ ಹೋಗತೊಡಗಿದಳು. ಒಂದು ಮಳೆಗಾಲ, ಅವನ ತಿಥಿಯ ದಿನ, ಹಳ್ಳ ತುಂಬಿತ್ತು. ಎಡೆಯ ತಟ್ಟೆ ಹಿಡಿದು ನಮ್ಮ ಬೇಲಿಯವರೆಗೆ ಬಂದಳು, ಅಲ್ಲೇ ಇಟ್ಟಳು, ಹೊಳೆಯ ಕಡೆ ಕೈಮುಗಿದು ಹಿಂದಿರುಗಿದಳು. ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿದ್ದೆ. ಒಂದು ಕೂಗು ಕೂಗಬಹುದಿತ್ತು —

ಕಲ್ಲವ್ವ ಈಗಿಲ್ಲ. ಮಾವನವರೂ ಇಲ್ಲ, ನಿಮ್ಮ ತಾತನೂ ಇಲ್ಲ. ಅವರು ಹೋದಮೇಲೆ ಹೊಲ ನನ್ನ ಹೆಸರಿಗೇ ಇದೆ. ಆದರೂ ಬೇಲಿ ಬಿಚ್ಚಿಸಲಿಲ್ಲ. ಯಾರ ಭಯ ಇನ್ನು? ನನಗೇ ಗೊತ್ತಿಲ್ಲ.

ನಾಳೆ ನ್ಯಾಮತಿಗೆ ಹೋಗುತ್ತೇನೆ, ಕಲ್ಲವ್ವನ ಮಗಳು ಅಲ್ಲಿದ್ದಾಳೆ. ಅವಳ ಮುಂದೆ ನಿಂತು ಹೇಳಬೇಕು. ಏನನ್ನುತ್ತಾಳೋ. ಹಿಂದಿರುಗಿ ಬಂದು ಬೇಲಿ ಬಿಚ್ಚಿಸುತ್ತೇನೆ. ಸಹನಾ, ಮಂಜು ಎಂದು ಬರೆಯಬೇಡ ಮಗಳೇ. ದಾರಿ ಎಂದು ಬರೆ, ಅಳಿಸಿದವಳ ಹೆಸರೂ ಬರೆ.

ಈ ಹಾಳೆಗಳನ್ನು ಆ ಪಟದ ಹಿಂದೆಯೇ ಇಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ.